ಸಿಲಿಂಡರಿನ ಕೌದಿ ಚೀಲ

ನಮ್ಮ ಯಜಮಾನರು ಕಾಫಿ ಅಂಗಡಿಗೆ ಹೋಗುವುದನ್ನು ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಬೆಳಗಿನ ಊಟ ಯಾರಿಗೂ ಮೈಗೆ ಹತ್ತದಂತಾಯಿತು. ನಮ್ಮೂರು ತೋಕಿಯ ಗಂಡಸರು ಬೆಳಗ್ಗೆ ಮನೆಯಲ್ಲಿ ಉಣ್ಣುವವರಲ್ಲ. ಕಾಫಿ ಅಂಗಡಿಯಲ್ಲಿ ಒಂದು ಕಾಫಿ ಹೇಳಿದರೆ ಜೊತೆಗೆ ಬೆಣ್ಣೆ ಸವರಿದ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ಬರುತ್ತದೆ. ಅದನ್ನು ತಿಂದು, ಊರವರ ಸುದ್ದಿಯನ್ನೂ ಅಗಿದು, ಬಿಸಿಲೇರಿದ ಮೇಲೆ ಮನೆಗೆ ಬರುತ್ತಾರೆ. ಅಷ್ಟು ಹೊತ್ತು ಮನೆ ಹೆಂಗಸರದು. ಮದುವೆಯಾದಾಗಿನಿಂದ ನನಗೆ ಸಿಕ್ಕಿದ ಸುಖಗಳಲ್ಲಿ ಅದೂ ಒಂದು.

ಕಳೆದ ಶರತ್ಕಾಲದಲ್ಲಿ ಅದು ತಪ್ಪಿತು. ಬಟ್ಟಲು ಮಾಡುವ ಕಾರ್ಖಾನೆಯಲ್ಲಿ ಪ್ರಾಯವೆಲ್ಲ ಜೇಡಿಮಣ್ಣಿನ ಧೂಳು ಕುಡಿದ ಶ್ವಾಸಕೋಶ, ಕಡೆಗೆ ಆಗುವುದಿಲ್ಲ ಎಂದಿತು. ಡಾಕ್ಟರು ಆಕ್ಸಿಜನ್ ಬರೆದುಕೊಟ್ಟರು. ಮನೆಯೊಳಗೆ ಇರುವಾಗ ಹಜಾರದಲ್ಲಿ ಗುಂಯ್ ಎನ್ನುವ ಯಂತ್ರ, ಅದರಿಂದ ಮೂಗಿನವರೆಗೆ ಉದ್ದದ ನಳಿಗೆ. ಹೊರಗೆ ಹೋಗಲು ಒಂದು ಸಣ್ಣ ಸಿಲಿಂಡರು. ನೋಡಲು ಸಾಕೆ ಮದ್ಯದ ದೊಡ್ಡ ಸೀಸೆಯ ಅಳತೆ. ಅದಕ್ಕೆ ಕಂಪನಿಯವರು ಕೊಟ್ಟ ಕರಿ ಚೀಲ, ಚೀಲದ ಮೇಲೆ ಬಿಳಿ ಅಕ್ಷರದಲ್ಲಿ ಕಂಪನಿಯ ಹೆಸರು. ಅದನ್ನು ಹೆಗಲಿಗೆ ಹಾಕಿಕೊಂಡು ಇವರು ಒಂದೇ ಒಂದು ಸಲ ಹೊರಟರು. ತೋಫು ಅಂಗಡಿಯ ಹೆಂಗಸು ಓಡಿಬಂದು ಕುರ್ಚಿ ಹಾಕಿ, "ಪಾಪ, ಕೂತ್ಕೊಳ್ಳಿ" ಎಂದಳಂತೆ. ಇವರು ಕೂರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ತಿರುಗಿ ಬಂದವರು ಆ ಚೀಲವನ್ನು ಛತ್ರಿಗಳ ಹಿಂದೆ ನಿಲ್ಲಿಸಿಬಿಟ್ಟರು.

"ಅವರನ್ನ ನಡೆಸಿ," ಎಂದಿದ್ದರು ಡಾಕ್ಟರು ನನಗೆ. "ಚಳಿಗಾಲ ಪೂರ್ತಿ ಕೂತ್ರೆ ಕಾಲು ಹೋಗುತ್ತೆ. ಕಾಲು ಹೋದ್ರೆ ಹಾಸಿಗೆ. ಆಮೇಲೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ."

ಇವರು ನಡೆದದ್ದು ಊಟದ ಮೇಜಿನಿಂದ ಟಿವಿಯವರೆಗೆ.

"ಇದೇನು ಸಾರೋ, ಕಡಲ ನೀರೋ?" ಎಂದರು ಹೊಸವರ್ಷ ಕಳೆದ ಒಂದು ಬೆಳಗ್ಗೆ, ಮಿಸೊ ಸಾರಿನ ಬಟ್ಟಲು ಕೆಳಗಿಟ್ಟು.

"ನಿನ್ನೆ ಸಪ್ಪೆ ಅಂದ್ರಲ್ಲ ಮಾವ," ಎಂದಳು ಸೊಸೆ ಚಿಸಾತೊ. ಅವಳು ಸೂಪರ್ ಮಾರ್ಕೆಟ್ಟಿನ ಅಡುಗೆಕೋಣೆಯಲ್ಲಿ ಕಟ್ಲೆಟ್ ಕರಿಯುವ ಕೆಲಸಕ್ಕೆ ಹೋಗುತ್ತಾಳೆ. ಬೆಳಗ್ಗೆ ನಿಂತೇ ಉಣ್ಣುತ್ತಾಳೆ.

"ಸಪ್ಪೆ ಅಂದ್ರೆ ಉಪ್ಪಿನ ಮೂಟೆ ಸುರಿ ಅಂತ ಅರ್ಥವಾ?"

"ಅಪ್ಪ, ಸುಮ್ನೆ ಕುಡೀರಿ," ಎಂದ ಮಗ ನೊರಿಯೊ ಪತ್ರಿಕೆಯ ಹಿಂದಿನಿಂದ.

"ನೀನು ಮುಖ ತೋರಿಸಿ ಮಾತಾಡು."

"ನಾಳೆಯಿಂದ ನಾನು ಕೆಲಸದ ಜಾಗದಲ್ಲೇ ತಿಂತೀನಿ," ಎಂದಳು ಚಿಸಾತೊ. "ಅತ್ತೆ ಬಡಿಸ್ತಾರೆ ನಿಮಗೆ."

"ಹೋಗೋಕೆ ಜಾಗ ಇರೋರು ಹೋಗ್ತಾರಪ್ಪ."

"ನಿಮಗೂ ಜಾಗ ಇದೆ. ಹೋಗದೆ ಕೂತಿರೋರು ನೀವು."

ಮೊಮ್ಮಗಳು ಕೊನತ್ಸು, ಹೈಸ್ಕೂಲಿನ ಹುಡುಗಿ, ಮೊಟ್ಟೆ ಸುಲಿಯುತ್ತಾ ಒಬ್ಬೊಬ್ಬರ ಮುಖ ನೋಡಿದಳು. ಹಜಾರದ ಯಂತ್ರವೊಂದೇ ಗೊಣಗುತ್ತಿತ್ತು.

ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಚಿಸಾತೊ ದನಿ ತಗ್ಗಿಸಿದಳು. "ಅತ್ತೆ, ನನಗೆ ಸಾರಿನ ಕೋಪ ಅಲ್ಲ. ಮಾವನ ಕಾಲು ನೋಡಿದೀರಾ? ನಿನ್ನೆ ಬಚ್ಚಲಿಂದ ಬರೋವಾಗ ಗಡಗಡ ನಡುಗ್ತಿತ್ತು. ನೀವೇ ಏನಾದ್ರೂ ಮಾಡಿ."

ನಾನು ನೋಡಿದ್ದೆ. ನೋಡಿಯೂ ನೋಡದವಳ ಹಾಗೆ ಇದ್ದೆ, ಅಷ್ಟೆ.

ಅಂದು ಮಧ್ಯಾಹ್ನ ನೂಡಲ್ಸ್ ಬಡಿಸಿ ಎದುರಿಗೇ ಕೂತೆ. "ಏನು ಕಷ್ಟ ಹೇಳಿ. ಸಿಲಿಂಡರು ಭಾರವಾ?"

"ಮಣ್ಣಿನ ಮೂಟೆ ಹೊತ್ತವನು ಕಣೇ ನಾನು. ಅದೊಂದು ಭಾರವಾ?"

"ಮತ್ತೆ?"

"ಆ ಚೀಲ. ಮೈಮೇಲೆ ಆಸ್ಪತ್ರೆ ಬೋರ್ಡು ತಗುಲಿ ಹಾಕ್ಕೊಂಡ ಹಾಗಿರುತ್ತೆ. ಗಾಳಿ ಸ್ವಲ್ಪ ಜಾಸ್ತಿ ಮಾಡ್ಕೋಬೇಕು ಅಂದ್ರೆ ನಡುಬೀದೀಲಿ ಜಿಪ್ ಎಳೆದು ಎಲ್ಲರ ಮುಂದೆ ಬಿಚ್ಚಿ ತಿರುಪಬೇಕು. ಕಿಂಜಿರೊ ನೋಡಿದ್ರೆ ಸಾಯೋ ತನಕ ಆಡ್ಕೊಳ್ತಾನೆ."

ಕಿಂಜಿರೊ ಇವರ ಜೊತೆಯಲ್ಲೇ ಕಾರ್ಖಾನೆಗೆ ಸೇರಿ ಜೊತೆಯಲ್ಲೇ ಹೊರಬಂದವನು. ಕಾಫಿ ಅಂಗಡಿಯಲ್ಲಿ ಇವರ ಎದುರು ಕುರ್ಚಿ ಅವನದು. ಬೇಸ್‌ಬಾಲ್ ವಿಷಯಕ್ಕೆ ಇಬ್ಬರೂ ದಿನಾ ಜಗಳವಾಡಿ, ಮರುದಿನ ಜಗಳ ಮುಂದುವರಿಸಲೆಂದೇ ಬೇಗ ಏಳುತ್ತಿದ್ದರು. ಮನೆ ಎರಡು ಬೀದಿ ಆಚೆ.

"ಅವನಾದ್ರೂ ಒಂದು ಸಲ ಬಂದು ನೋಡಿದ್ನಾ?" ಎಂದರು ಇವರು. "ಎದುರಿಗೆ ಬೇರೆ ಯಾರೋ ಸಿಕ್ಕಿರ್ತಾರೆ ಬಿಡು."

ಅವನ ಹೆಂಡತಿ ಮಿನೆಕೊ ಮಾರ್ಕೆಟ್ಟಿನಲ್ಲಿ ಸಿಕ್ಕಾಗ ನಾನು, "ನಮ್ಮವರು ಚೆನ್ನಾಗಿದಾರೆ, ಹಿತ್ತಲ ಕೆಲಸ ಜಾಸ್ತಿ" ಎಂದಿದ್ದೆ. ಇವರೇ ಹಾಗೆ ಹೇಳು ಎಂದಿದ್ದರು. ಅವಳೂ, "ನಮ್ಮವರೂ ಚೆನ್ನಾಗಿದಾರೆ" ಎಂದು ಮೂಲಂಗಿ ಆರಿಸುತ್ತಾ ಮುಂದೆ ಹೋಗಿದ್ದಳು.

ಚೀಲವೇ ಕಷ್ಟವಾದರೆ ಚೀಲ ಹೊಲಿಯುವುದು ನನಗೆ ಕಷ್ಟವೇ? ಸಮುದಾಯ ಭವನದ ಕೌದಿ ಗುಂಪಿನಲ್ಲಿ ನಾನು ಹೊಲಿದ ಚೀಲಗಳಿಗೆ ಲೆಕ್ಕವಿಲ್ಲ. ಆದರೆ ಎಲ್ಲವೂ ಪತ್ರಿಕೆಯಲ್ಲಿ ಬಂದ ಮಾದರಿಗಳು. ಅವರು ಬರೆದ ಗೆರೆಯ ಮೇಲೆ ನನ್ನ ಸೂಜಿ. ಸಿಲಿಂಡರಿಗೆ ಚೀಲದ ಮಾದರಿ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನೇ ಗೆರೆ ಎಳೆದೆ. ಅಳಿಸಿದೆ, ಮತ್ತೆ ಎಳೆದೆ.

ಚಿತ್ರ ಹೊಳೆದದ್ದು ಇವರ ಯುಕಾತಾ ನಿಲುವಂಗಿ ಮಡಿಸುವಾಗ. ಎದೆಯ ಮೇಲೆ ಎರಡು ಪದರ ಒಂದರ ಮೇಲೊಂದು ಬರುತ್ತದಲ್ಲ, ಚೀಲದ ಮುಂಭಾಗವನ್ನೂ ಹಾಗೇ ಮಾಡಿದರೆ? ಗುಂಡಿ ಬೇಡ, ಜಿಪ್ ಬೇಡ. ಎರಡು ಪದರದ ನಡುವೆ ಕೈ ತೂರಿಸಿ ಒಳಗೇ ತಿರುಪಬಹುದು. ನೋಡುವವರಿಗೆ ಮುದುಕ ಅಂಗಿಯೊಳಗೆ ಕರವಸ್ತ್ರ ಹುಡುಕಿದ ಹಾಗೆ ಕಾಣುತ್ತದೆ. ನಳಿಗೆ ಕೊರಳಪಟ್ಟಿಯ ಸಂದಿನಿಂದ ಹೊರಗೆ ಬರುತ್ತದೆ. ಇಷ್ಟು ವರ್ಷಕ್ಕೆ ನನ್ನದೇ ತಲೆಯಿಂದ ಒಂದು ಚೀಲ ಬಂತಲ್ಲ ಎಂದು ನನಗೇ ಹೆಮ್ಮೆಯಾಯಿತು. ಯಾರಿಗೂ ಹೇಳಲಿಲ್ಲ, ಆದರೆ ಆ ದಿನ ಅನ್ನ ಸ್ವಲ್ಪ ತಳ ಹತ್ತಿತು.

ಬಟ್ಟೆಗೆ ನನ್ನ ತಾಯಿ ನೇಯ್ದ ನೀಲಿ ಹಾಸಿಗೆ ಹೊದಿಕೆಯನ್ನು ಪೆಟ್ಟಿಗೆಯಿಂದ ತೆಗೆದೆ.

"ಅಮ್ಮ, ಅದನ್ನ ಕತ್ತರಿಸ್ತೀಯಾ?" ಎಂದ ನೊರಿಯೊ. "ಚೀಲ ಬೇಕಿದ್ರೆ ಆನ್‌ಲೈನಲ್ಲಿ ತರಿಸ್ಕೊಡ್ತೀನಿ. ನಾಳೇನೇ ಬರುತ್ತೆ."

"ಅಲ್ಲಿ ಸಿಗೋದು ಮತ್ತೆ ಕರೀದೇ ತಾನೆ?"

"ಅಪ್ಪ ಉಪಯೋಗಿಸದೇ ಇದ್ರೆ?"

"ಹೊದಿಕೆ ಪೆಟ್ಟಿಗೇಲಿ ಇದ್ದಾಗ ಯಾರು ಉಪಯೋಗಿಸ್ತಿದ್ರು? ಆ ಕಡೆ ತುದಿ ಹಿಡ್ಕೊ."

ಅವನು ಹಿಡಿದುಕೊಂಡ. ನಾನು ಕತ್ತರಿಸಿದೆ.

ಅಂದಿನಿಂದ ಕೊತಾತ್ಸುವಿನ ಮೇಲೆ ಬಟ್ಟೆ, ಹತ್ತಿಯ ಹಾಳೆ, ದಾರ. ಕೆಳಗೆ ಕಾವಿರುವ ಆ ಒಂದು ಮೇಜಿನ ಸುತ್ತಲೇ ಚಳಿಗಾಲದಲ್ಲಿ ಮನೆಯವರೆಲ್ಲ ಕೂರಬೇಕು. ಊಟದ ಹೊತ್ತಿಗೆ ಎಲ್ಲವನ್ನೂ ಒಂದು ಮೂಲೆಗೆ ಒತ್ತರಿಸುತ್ತಿದ್ದೆ. ಆದರೂ ಒಂದು ರಾತ್ರಿ ನೊರಿಯೊ ಬಾಯಿಂದ ನೀಲಿ ದಾರ ಎಳೆದು ತೆಗೆದು, "ಕರ್ರಿಯಲ್ಲಿ ಇದು ಹೊಸ ತರಕಾರಿಯಾ?" ಎಂದ. ಚಿಸಾತೊ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು.

ಮೊದಲು ಹಳೆಯ ಹಾಸುಬಟ್ಟೆಯಲ್ಲಿ ಒಂದು ಕಚ್ಚಾ ಚೀಲ ಹೊಲಿದು ಖಾಲಿ ಸಾಕೆ ಸೀಸೆಗೆ ತೊಡಿಸಿ ನೋಡಿದೆ. ಇವರು ಟಿವಿಯಿಂದ ಕಣ್ಣು ತೆಗೆಯದೆ, "ಖಾಲಿ ಸೀಸೆಗೆ ಇಷ್ಟು ಉಪಚಾರ. ತುಂಬಿದ ಸೀಸೆ ಕಂಡ್ರೆ ಮುಖ ತಿರುಗಿಸ್ತಿದ್ದೆ" ಎಂದರು.

ಆಮೇಲೆ ಮೇಲಿನ ಬಟ್ಟೆ, ನಡುವೆ ಹತ್ತಿ, ಒಳಗೆ ಲೈನಿಂಗ್, ಮೂರನ್ನೂ ಸೇರಿಸಿ ಬಿಳಿ ದಾರದಲ್ಲಿ ಸಾಲು ಸಾಲು ಸಣ್ಣ ಹೊಲಿಗೆ. ದಿನಕ್ಕೆ ಒಂದು ಅಂಗೈಯಷ್ಟು ಮುಗಿದರೆ ಹೆಚ್ಚು. ಇವರು ಸುಮ್ಮನಿರುತ್ತಿರಲಿಲ್ಲ.

"ಆ ಸಾಲು ಬಾಗಿದೆ."

"ನಿಮ್ಮ ಕನ್ನಡಕ ಬಾಗಿದೆ."

"ಬಟ್ಟಲಿನ ಅಂಚಿಗೆ ಅಷ್ಟು ಸೊಟ್ಟ ಗೆರೆ ಬಂದಿದ್ರೆ ನಾವು ಒಡೆದು ಹಾಕ್ತಿದ್ವಿ."

"ಬಟ್ಟಲು ಮಾಡಿದೋರ ಶ್ವಾಸಕೋಶ ನೆಟ್ಟಗಿದೆಯಾ?"

ಅವರು ಟಿವಿ ಕಡೆ ತಿರುಗಿದರು. ನಾನು ನಾಲಿಗೆ ಕಚ್ಚಿಕೊಂಡೆ. ಆದರೆ ಮಾರನೆಯ ದಿನ ತಾವಾಗಿಯೇ ಹತ್ತಿರ ಸರಿದು ಕೂತರು. "ಪಟ್ಟಿ ಎಡ ಹೆಗಲಿಗೆ ಬರೋ ಹಾಗಿರ್ಲಿ."

"ಯಾಕೆ?"

"ಬಲಗೈಲಿ ಕಪ್ ಹಿಡೀಬೇಕಲ್ಲ."

ನಾನು ತಲೆಯೆತ್ತಲಿಲ್ಲ. ಎತ್ತಿದ್ದರೆ ನನ್ನ ಮುಖದಲ್ಲಿದ್ದ ಸಂತೋಷ ಕಂಡು, ಹೋಗುವುದಿಲ್ಲ ಎಂದುಬಿಡುತ್ತಿದ್ದರು. ಅವರ ಸ್ವಭಾವ ನನಗೆ ಗೊತ್ತು.

ಪಟ್ಟಿ ಸೇರುವ ಕಡೆ ಬಟ್ಟೆ ಎಷ್ಟು ದಪ್ಪವಾಯಿತೆಂದರೆ ಸೂಜಿ ಅರ್ಧಕ್ಕೇ ನಿಂತಿತು. ಕೊನತ್ಸು ಇಕ್ಕಳ ತಂದು, ಕಾಲು ಊರಿಕೊಂಡು ಒಂದೊಂದೇ ಹೊಲಿಗೆ ಎಳೆದುಕೊಟ್ಟಳು. "ಅಜ್ಜಿ, ಇದು ಹೊಲಿಗೆಯಲ್ಲ, ಹಲ್ಲು ಕೀಳೋ ಕೆಲಸ."

ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ, ಮೀನು ಅನ್ನ ಬಡಿಸಿ, ಚೀಲಕ್ಕೆ ಸಿಲಿಂಡರು ತುಂಬಿಸಿ ತಂದು ಇವರ ಪಕ್ಕ ನಿಲ್ಲಿಸಿದೆ. ನೀಲಿ ಬಟ್ಟೆಯ ಮೇಲೆ ಬಿಳಿ ಹೊಲಿಗೆ, ಮುಂಭಾಗದಲ್ಲಿ ಯುಕಾತಾದ ಎದೆಯ ಹಾಗೆ ಪದರ ಇಳಿದಿತ್ತು. ಚೆನ್ನಾಗಿತ್ತು. ನಾನು ಹೊಲಿದದ್ದರಲ್ಲೇ ಚೆನ್ನಾದ ಚೀಲ ಅದು, ಇವತ್ತಿಗೂ ಹೇಳುತ್ತೇನೆ.

ಇವರು ಊಟದ ಕಡ್ಡಿಗಳನ್ನು ಕೆಳಗಿಟ್ಟು ನೋಡಿದರು. ನಗುತ್ತಾರೆ ಎಂದುಕೊಂಡೆ. ಮುಖ ಸುಣ್ಣದ ಹಾಗಾಯಿತು.

"ಇದನ್ನ ಯಾರಿಗೆ ಹೊಲಿದೆ?"

"ಯಾರಿಗೆ ಅಂದ್ರೆ? ನಿಮಗೆ."

"ಸರಿ. ನನ್ನನ್ನ ಹೆಣದ ಪೆಟ್ಟಿಗೇಲಿ ಮಲಗಿಸೋವಾಗ ಪಕ್ಕದಲ್ಲಿಡು."

ಆಗ ಕಂಡಿತು. ಬಲಗಡೆಯ ಪದರ ಮೇಲೆ, ಎಡಗಡೆಯದು ಕೆಳಗೆ. ಬದುಕಿದ್ದವರು ಎಡ ಪದರ ಮೇಲೆ ಬರುವಂತೆ ಉಡುತ್ತಾರೆ. ಬಲದ್ದನ್ನು ಮೇಲೆ ಮಾಡಿ ಉಡಿಸುವುದು ಹೆಣಕ್ಕೆ. ಕೂಸಿಗೆ ಬಟ್ಟೆ ತೊಡಿಸುವಾಗಲೂ ನಮ್ಮ ಕೈ ಅದನ್ನು ತಪ್ಪುವುದಿಲ್ಲ. ಕ್ಯಾಲೆಂಡರಿನ ಮೇಲೆ ನಾನು ಸರಿಯಾಗಿಯೇ ಬರೆದಿದ್ದೆ. ಕತ್ತರಿಸುವಾಗ ಕಾಗದವನ್ನು ಬಟ್ಟೆಯ ಒಳಮೈ ಮೇಲಿಟ್ಟು ಗೆರೆ ಹಾಕಿದ್ದೆ. ಬಟ್ಟೆ ತಿರುಗಿಸಿದಾಗ ಎಡ ಬಲವಾಗಿತ್ತು. ಪತ್ರಿಕೆಯ ಮಾದರಿಯಾಗಿದ್ದರೆ ಇಂಥಲ್ಲಿ ಎಚ್ಚರ ಎಂದು ಅವರೇ ಬರೆದಿರುತ್ತಿದ್ದರು. ನನ್ನ ಮಾದರಿಯಲ್ಲಿ ನನಗೆ ಹೇಳುವವರು ಯಾರು?

ಚಿಸಾತೊ ಬಾಯಿ ಮೇಲೆ ಕೈಯಿಟ್ಟುಕೊಂಡಳು. ನೊರಿಯೊ ಏನೋ ಹೇಳಲು ಹೋಗಿ ನಕ್ಕುಬಿಟ್ಟ, ನಗಬಾರದಿತ್ತು.

"ಅಜ್ಜಿ, ಒಳಗಿಂದ ಹೊರಕ್ಕೆ ಮಗುಚಿದ್ರೆ ಸರಿಹೋಗುತ್ತೆ," ಎಂದು ಕೊನತ್ಸು ಸಿಲಿಂಡರು ತೆಗೆದು ಚೀಲವನ್ನು ಮಗುಚಿದಳು. ಎಲ್ಲರೂ ಬಗ್ಗಿ ನೋಡಿದೆವು. ಲೈನಿಂಗ್ ಹೊರಗೆ ಬಂತು, ಪದರ ಮಾತ್ರ ಬಲದ್ದೇ ಮೇಲೆ. ಅವಳು ನಂಬದೆ ಇನ್ನೊಂದು ಸಲ ಮಗುಚಿದಳು. "ಯಾವ ಕಡೆ ತಿರುಗಿಸಿದ್ರೂ ಹೆಣಾನೇ," ಎಂದಳು ಮೆಲ್ಲಗೆ.

"ಬಾಯಿ ಮುಚ್ಚು ಕೊನತ್ಸು," ಎಂದಳು ಅವಳ ತಾಯಿ.

"ಬಿಡು, ಅವಳು ನಿಜ ಹೇಳಿದಾಳೆ. ನನ್ನ ಹೆಂಡತಿಗೆ ಅವಸರ ಆಗಿದೆ," ಎಂದರು ಇವರು.

ಅದು ನನಗೆ ತಡೆಯಲಾಗಲಿಲ್ಲ. "ಅವಸರ ಇದ್ದಿದ್ರೆ ಕಣ್ಣು ಕಳ್ಕೊಂಡು ಹೊಲೀತಿರ್ಲಿಲ್ಲ. ಆ ಕುರ್ಚೀಲಿ ಕೂತಿರಿ ಅಂತ ಬಿಟ್ಟಿದ್ರೆ ಸಾಕಾಗಿತ್ತು, ತಾನಾಗೇ ಆಗ್ತಿತ್ತು." ಹೇಳಿ ಅಡುಗೆಮನೆಗೆ ಹೋಗಿ, ನೀರು ಬಿಟ್ಟುಕೊಂಡು ಅತ್ತೆ. ಚಿಸಾತೊ ಬಂದು ತಟ್ಟೆ ಒರೆಸುತ್ತಾ ನಿಂತಳು.

ಬಿಚ್ಚಿ ಮತ್ತೆ ಹೊಲಿಯಬಹುದಿತ್ತು. ಹೊಲಿಯುವುದಿಲ್ಲ ಎಂದೆ. ಚೀಲ ಬೀರುವಿಗೆ ಹೋಯಿತು. ಮನೆಯಲ್ಲಿ ಮತ್ತೆ ಸಾರಿನ ಉಪ್ಪು, ಟೋಸ್ಟಿನ ಸೀದ ಅಂಚು, ಟಿವಿಯ ಸದ್ದು. ನಾನು ಇವರೊಂದಿಗೆ ಬೇಕಾದಷ್ಟೇ ಮಾತಾಡಿದೆ. ಬೇಕಾದ್ದು ಬಹಳ ಕಡಿಮೆ ಇತ್ತು. ಇವರು ಬಚ್ಚಲಿಗೆ ಗೋಡೆ ಹಿಡಿದು ಹೋಗತೊಡಗಿದರು.

ಚಳಿಗಾಲದ ಕೊನೆಗೆ, ಪ್ಲಮ್ ಹೂ ಬಿಡುವ ಹೊತ್ತಿಗೆ ಒಂದು ಸಂಜೆ ಚಿಸಾತೊ ಕೆಲಸದಿಂದ ಬಂದವಳು ಕೋಟು ಬಿಚ್ಚದೆ ನಿಂತಳು. "ಮಾವ, ಅಂಗಡೀಲಿ ಹೇಳ್ತಿದ್ರು. ಕಿಂಜಿರೊ ಅವರು ಹೋಗ್ಬಿಟ್ರಂತೆ. ನಿನ್ನೆ. ಇವತ್ತು ಸಂಜೆ ಮನೇಲೇ ನೋಡೋಕೆ ಇಟ್ಟಿದಾರಂತೆ."

"ಯಾವ ಕಿಂಜಿರೊ?" ಎಂದರು ಇವರು, ಊರಿನಲ್ಲಿ ಇಬ್ಬರಿದ್ದಾರೆ ಎನ್ನುವ ಹಾಗೆ.

ಚಿಸಾತೊ ತಲೆ ತಗ್ಗಿಸಿದಳು. ಇವರು ಟಿವಿ ಆರಿಸಿ, "ನನ್ನ ಕರಿ ಕೋಟು ತೆಗಿ" ಎಂದರು.

ನೊರಿಯೊ ಕಾರು ತೆಗೆಯುತ್ತೇನೆ ಎಂದ. ಎರಡು ಬೀದಿಗೆ ಕಾರೇ, ನಡೆದೇ ಹೋಗುತ್ತೇನೆ ಎಂದರು. ನಾನು ಛತ್ರಿಗಳ ಹಿಂದಿನಿಂದ ಕಂಪನಿಯ ಚೀಲ ತಂದೆ.

"ಅದು ಬೇಡ. ನಿನ್ನದು ಕೊಡು."

"ಅದು ಹೆಣದ್ದು ಅಂದ್ರಲ್ಲ."

"ಹೆಣದ ಮನೆಗೇ ತಾನೆ ಹೋಗ್ತಿರೋದು? ಅವನೂ ಹಾಗೇ ಉಟ್ಕೊಂಡಿರ್ತಾನೆ. ಕೊಡು."

ಕೊಟ್ಟೆ. ದಾರಿಯಲ್ಲಿ ಲೈಟು ಕಂಬ ಬಂದಾಗಲೆಲ್ಲ ನಿಂತರು. ನಾನೂ ನನ್ನ ಕೈಗವಸು ಸರಿ ಮಾಡಿಕೊಳ್ಳುವವಳ ಹಾಗೆ ನಿಂತೆ. ಒಂದು ಕಡೆ ಪದರದ ನಡುವೆ ಕೈ ತೂರಿಸಿ ತಿರುಪಿಕೊಂಡರು. ಎದುರಿನಿಂದ ಬಂದವರು ತಲೆಬಾಗಿ ಹಾದುಹೋದರು, ತಿರುಪಿದ್ದನ್ನು ಗಮನಿಸಲಿಲ್ಲ. ಚೀಲ ನಾನಂದುಕೊಂಡ ಹಾಗೇ ಕೆಲಸ ಮಾಡಿತು. ಅಂಥ ಹೊತ್ತಿನಲ್ಲೂ ಅದು ನನಗೆ ಸಮಾಧಾನ ಕೊಟ್ಟಿತು.

ಕಿಂಜಿರೊ ಮುಂಕೋಣೆಯಲ್ಲಿ ಬಿಳಿ ಬಟ್ಟೆ ಉಟ್ಟು ಮಲಗಿದ್ದ. ಇಷ್ಟೊಂದು ಇಳಿದುಹೋಗಿದ್ದಾನೆ ಎಂದು ನಾನು ಎಣಿಸಿರಲಿಲ್ಲ. ಮುಂದೆ ಊದುಬತ್ತಿ, ಮೇಣದ ದೀಪ. ಇವರು ಅದರತ್ತ ಎರಡು ಹೆಜ್ಜೆ ಇಟ್ಟಿದ್ದರಷ್ಟೆ, ಮಿನೆಕೊ ಚಾಪೆಯಿಂದ ಎದ್ದೇ ಬಂದಳು.

"ತೊಕುಜಿ ಅವರೇ, ಅಲ್ಲೇ ನಿಲ್ಲಿ. ಬೆಂಕಿ ಇದೆ, ಆ ಸಿಲಿಂಡರು ಇಟ್ಕೊಂಡು ಹತ್ರ ಬರ್ಬಾರ್ದು. ನಿಮ್ಮ ಹೆಸರಲ್ಲಿ ನಾನೇ ಹಚ್ತೀನಿ. ನಮ್ಮ ಮನೇಲೂ ಈ ಚಳಿಗಾಲ ಪೂರ್ತಿ ಊದುಬತ್ತಿ ಹಚ್ಚಿರ್ಲಿಲ್ಲ."

ಮೂಗಿನ ನಳಿಗೆ ಕಂಡಿರಬಹುದು, ಆದರೆ ಅದಕ್ಕೆ ಬೆಂಕಿ ಆಗದು ಎಂದು ಇವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಯೋಚಿಸುತ್ತಿದ್ದೆ. ಆಗ ಮೂಲೆಯಲ್ಲಿ ಕಂಡಿತು. ಕರಿ ಚೀಲ, ಬಿಳಿ ಅಕ್ಷರ.

"ಯಾವಾಗಿಂದ?" ಎಂದರು ಇವರು.

"ಎಲೆ ಉದುರೋ ಕಾಲದಿಂದ. ಹೊರಗೆ ಹೋಗಿ ಅಂತ ಬೇಡ್ಕೊಂಡೆ. ಅದನ್ನ ತೊಕುಜಿ ನೋಡಿದ್ರೆ ನಗ್ತಾನೆ, ನಾನು ಬರಲ್ಲ ಅಂದ್ರು. ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಮಾರ್ಕೆಟ್ಟಲ್ಲಿ ನಿಮಗೆ ಸುಳ್ಳು ಹೇಳಿದೆ ಫುಸಾಯೆ ಅವರೇ."

ನಾನೂ ಸುಳ್ಳೇ ಹೇಳಿದ್ದೆ. ಅವಳ ಕೈ ಹಿಡಿದುಕೊಂಡೆ.

ಇವರು ನಿಂತಲ್ಲಿಂದಲೇ ಕಿಂಜಿರೊನ ಎದೆಯ ಮೇಲಿನ ಪದರ ನೋಡಿದರು. ತಮ್ಮ ಚೀಲ ನೋಡಿಕೊಂಡರು. ಕೈಮುಗಿದು ಬಹಳ ಹೊತ್ತು ನಿಂತರು.

ಮರುದಿನ ಊಟವಾದ ಮೇಲೆ ಚೀಲ ತಂದು ನನ್ನ ಮುಂದಿಟ್ಟರು.

"ಬಿಚ್ಚು. ಸರಿಯಾಗಿ ಹೊಲಿ."

"ಮುಂಭಾಗ ಪೂರ್ತಿ ಬಿಚ್ಬೇಕು. ಹೊಲಿಗೆ ಕೀಳೋಕೇ ಒಂದು ವಾರ ಬೇಕು."

"ಕೀಳೋದು ನನಗೆ ಕೊಡು. ಉಸಿರು ಬೇಕಿಲ್ಲ ಅದಕ್ಕೆ."

ಕನ್ನಡಕ ಏರಿಸಿಕೊಂಡು ಒಂದೊಂದೇ ಬಿಳಿ ಹೊಲಿಗೆ ಕಿತ್ತರು. ಬಟ್ಟೆ ಹರಿಯದ ಹಾಗೆ, ನನಗಿಂತ ನಾಜೂಕಾಗಿ. ಉಳಿದ ಹೊದಿಕೆಯಲ್ಲಿ ನಾನು ಹೊಸ ಪದರ ಕತ್ತರಿಸಿದೆ. ಈ ಸಲ ಬಟ್ಟೆಯ ಹೊರಮೈ ಮೇಲೇ ಕಾಗದವಿಟ್ಟೆ. ಗೆರೆ ಹಾಕುವ ಮೊದಲು ಚಿಸಾತೊ, ಕೊನತ್ಸು, ನೊರಿಯೊ ಮೂವರೂ ಬಂದು ಎದೆ ಮುಟ್ಟಿಕೊಂಡು ಎಡ ಯಾವುದು ಎಂದು ನೋಡಿ ಹೋದರು. ಸಂಜೆಗಳಲ್ಲಿ ಇವರು ನನ್ನ ಚೀಲ ಮುಗಿಯುವ ತನಕ ಕಂಪನಿಯದನ್ನೇ ಹಾಕಿಕೊಂಡು, ತೋಫು ಅಂಗಡಿಯವರೆಗೆ ಹೋಗಿ ಬಂದರು. ಕಾಲಿಗೆ ಅಭ್ಯಾಸ ಬೇಕು ಎಂದರು. ನಾನು ಕೇಳಿರಲಿಲ್ಲ.

ಚೀಲ ಮುಗಿದ ಮಾರನೆಯ ಬೆಳಗ್ಗೆ ಅದನ್ನು ಎಡ ಹೆಗಲಿಗೆ ಹಾಕಿಕೊಂಡು ಕಾಫಿ ಅಂಗಡಿಗೆ ಹೊರಟರು. ಸಾರು ಬಡಿಸಿಕೊಂಡು ನಾನೂ ಚಿಸಾತೊಳೂ ಕೂತೇ ಉಂಡೆವು. ಅವಳು ಇನ್ನೊಂದು ಬಟ್ಟಲು ಹಾಕಿಸಿಕೊಂಡಳು.

ಬಿಸಿಲೇರಿದ ಮೇಲೆ ಬಂದರು. ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುವಾಗ ನಾನು ಹಿಂದೆ ನಿಂತೆ.

"ಚೀಲದ ವಿಷಯ ಏನಾದ್ರೂ ಅಂದ್ರಾ?"

"ಇಲ್ಲ. ಒಬ್ಬ ಮುಟ್ಟಿ ನೋಡಿದ. ಸಿಗರೇಟು ಆರಿಸಿದ್ರು ಎಲ್ಲರೂ, ಅಷ್ಟೆ."

"ಮತ್ತೆ ಯಾಕೆ ಮುಖ ಹೀಗೆ?"

ಒಂದು ಬೂಟು ಕೈಯಲ್ಲಿ ಹಿಡಿದು ಕೂತರು. "ಕಿಂಜಿರೊನೂ ನಾನೂ ಒಂದೇ ಸಮಯಕ್ಕೆ ಕಾಣೆ ಆದ್ವಲ್ಲ. ನಿಲ್ದಾಣದ ಹತ್ರ ಹೊಸ ಕಾಫಿ ಅಂಗಡಿ ತೆಗೆದಿದಾರಂತೆ. ನಾವಿಬ್ರೂ ಇವರನ್ನೆಲ್ಲ ಬಿಟ್ಟು ಜೊತೇಲಿ ಅಲ್ಲಿಗೆ ಹೋಗ್ತಾ ಇದೀವಿ ಅಂತ ಅಂದ್ಕೊಂಡಿದ್ರಂತೆ. ಚಳಿಗಾಲ ಪೂರ್ತಿ ಸಿಟ್ಟು ಮಾಡ್ಕೊಂಡಿದ್ರಂತೆ ನಮ್ಮ ಮೇಲೆ."

ಅವರ ಹೆಗಲಿಂದ ಚೀಲ ತೆಗೆದುಕೊಂಡೆ.

"ಹೋಗಿದ್ರೆ ಚೆನ್ನಾಗಿತ್ತು ಕಣೇ," ಎಂದರು.